ಕೋಟಿಗೆ ಹತ್ತಿದ ವಾಸನೆ

ನಿಂಗಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ಆದರೂ ಅಮೆರಿಕದ ನೇಪರ್‌ವಿಲ್‌ನಲ್ಲಿದ್ದ ಮಗನ ಮನೆಯಲ್ಲಿ ಕೋಟು ತೂಗುಹಾಕುವ ಕ್ಲಾಸೆಟ್ಟಿನ ಬಾಗಿಲು ತೆರೆದಿಟ್ಟರೆ ನಿಲ್ಲುತ್ತಿರಲಿಲ್ಲ. ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

“ಗಾಳಿ ಕಣ್ರೀ,” ಎಂದಳು ಸೊಸೆ ಸುಚೇತಾ.

“ಕಿಟಕಿ ಎಲ್ಲಾ ಹಾಕಿದೆ. ಗಾಳಿ ಏನು ನಿನ್ ತಲೆಯಿಂದ ಬರುತ್ತಾ?” ಎಂದು ವಿವೇಕ್ ರೇಗಿಸಿದ. ನಗು ಮಾತ್ರ ಬರಲಿಲ್ಲ.

ಅವನಿಗೆ ಗೊತ್ತಿತ್ತು. ಕಳೆದ ಜನವರಿಯಲ್ಲಿ ಆಫೀಸಿನ ಲಿಫ್ಟಿನಲ್ಲಿ ಯಾರೋ ಅವನ ಕೋಟಿನ ವಾಸನೆಗೆ ಮೂಗು ಮುರಿದಿದ್ದರು. ಮನೆಗೆ ಬಂದವನೇ ತಾಯಿಯ ಮೇಲೆ ಹರಿಹಾಯ್ದಿದ್ದ.

“ಒಗ್ಗರಣೆ ವಾಸ್ನೆ ಹೊತ್ಕೊಂಡು ಮೀಟಿಂಗಿಗೆ ಹೋಗ್ಲಾ ಅವ್ವ? ಇನ್ಮೇಲೆ ಮನೆ ಒಳಗೆ ಏನೂ ಹುರೀಬ್ಯಾಡ.”

“ಆಯ್ತು ಬುಡಪ್ಪ,” ಎಂದಿದ್ದಳು ನಿಂಗಮ್ಮ.

ಅಂದಿನಿಂದ ಅವಳು ಬೆಡ್‌ರೂಮು, ಕ್ಲಾಸೆಟ್ಟು ಎಂದು ಒಂದೊಂದೇ ಬಾಗಿಲು ಎಳೆದು ಮುಚ್ಚಿ, ಶಾಲು ಹೊದ್ದು, ಗ್ಯಾರೇಜಿನಲ್ಲಿ ಕರೆಂಟ್ ಒಲೆ ಇಟ್ಟುಕೊಂಡು ಸಾರಿನ ಪುಡಿಗೆ ಹುರಿಯುತ್ತಿದ್ದಳು. ಘಾಟು ಹೋಗಲೆಂದು ಕಾರು ಬರುವ ಬಾಗಿಲನ್ನು ಅರ್ಧ ಎತ್ತಿರುತ್ತಿದ್ದಳು. ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ವಾರದೊಳಗೆ ಜ್ವರ ಎದೆಗಿಳಿಯಿತು. ವಯಸ್ಸಾಗಿತ್ತು ಅಂದರು ಡಾಕ್ಟರು. ವಿವೇಕ್ ಅದನ್ನು ಒಂದು ದಿನವೂ ನಂಬಲಿಲ್ಲ.

ಈ ಶನಿವಾರ ಮಧ್ಯಾಹ್ನ ಅವನೇ ಬಾಣಲೆ ಇಟ್ಟ, ಅಡುಗೆಮನೆಯಲ್ಲೇ.

“ಎಕ್ಸಾಸ್ಟ್ ಹಾಕ್ರೀ! ಹೊಗೆ ಅಲಾರಂ ಹೊಡ್ಕೊಳ್ಳುತ್ತೆ!”

“ಹೊಡ್ಕೊಳ್ಲಿ. ಅವ್ವ ಒಳಗೆ ಬರ್ಬೇಕು ಸುಚಿ. ಇನ್ನೂ ಆ ಚಳೀಲೇ ನಿಂತವ್ಳೆ.”

ಅವನು ಕ್ಲಾಸೆಟ್ಟಿನ ಬಾಗಿಲು ಪೂರ್ತಿ ತೆಗೆದು, ಅದಕ್ಕೆ ಶೂ ರ‍್ಯಾಕ್ ಅಡ್ಡ ಇಟ್ಟ. ತನ್ನ ಆಫೀಸ್ ಕೋಟನ್ನು ಎಲ್ಲಕ್ಕಿಂತ ಮುಂದಕ್ಕೆ ಎಳೆದ. ಕೊತ್ತಂಬರಿ ಬೀಜ ಘಮ್ಮೆಂದಿತು. ಮೆಂತ್ಯ ಕೆಂಪಗಾಯಿತು. ಬ್ಯಾಡಗಿ ಮೆಣಸಿನಕಾಯಿ ಬಿದ್ದದ್ದೇ ತಡ, ಇಬ್ಬರಿಗೂ ಕೆಮ್ಮು ಹತ್ತಿಕೊಂಡಿತು.

ಮೂರನೆಯ ಕೆಮ್ಮು ಗ್ಯಾರೇಜಿನ ಕಡೆಯಿಂದ ಬಂತು.

ಸುಚೇತಾ ಅವನ ತೋಳು ಹಿಡಿದಳು.

“ಅವ್ವಾ, ಒಳಕ್ ಬಾ,” ಎಂದ ವಿವೇಕ್. “ಕೋಟ್ ಹಾಳಾಗೋಗ್ಲಿ. ನೀನ್ ಬಾ.”

ಗ್ಯಾರೇಜಿನಿಂದ ಒಳಬರುವ ಬಾಗಿಲು ತೆರೆಯಿತು. ಅವನ ಪಾದದ ಪಕ್ಕದಲ್ಲೇ ಕೊರೆಯುವ ಚಳಿ ಹಾದುಹೋಯಿತು. ಬಿಸಿ ಒಲೆಯ ಹತ್ತಿರ ಅದು ಅರೆಗಳಿಗೆಯೂ ನಿಲ್ಲಲಿಲ್ಲ. ಹಜಾರದಲ್ಲಿ ಶೂ ರ‍್ಯಾಕ್ ಕಿರ್ರೆಂದು ಪಕ್ಕಕ್ಕೆ ಸರಿಯಿತು. ಮಗನ ಕೋಟಿಗೆ ವಾಸನೆ ಹತ್ತದ ಹಾಗೆ ಕ್ಲಾಸೆಟ್ಟಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಆಮೇಲೆ ಗ್ಯಾರೇಜಿನ ಬಾಗಿಲೂ ಮುಚ್ಚಿತು, ಆಚೆ ಕಡೆಯಿಂದ.