ದೇವಿಯ ಪಾದದಡಿ ದೇಬಾರತಿಯ ರೆಕಾರ್ಡು

ತೋತನ್ ಪಾಲನ ಮರೆವಿಗೆ ಕೃಷ್ಣನಗರದ ಆ ಕಾಲೇಜಿನಲ್ಲಿ ಪದವಿಗಿಂತ ಹೆಚ್ಚಿನ ಮರ್ಯಾದೆಯಿತ್ತು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಮೆಟ್ಟಿಕೊಂಡು ಬಂದರೆ ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದರು. ಭಾನುವಾರ ಬಂದು ಬೀಗ ಹಾಕಿದ ಗೇಟನ್ನು ಅಲ್ಲಾಡಿಸಿದ ಕಥೆಯನ್ನು ಅವನ ತಾಯಿ ನೆಂಟರಿಗೆಲ್ಲ ಹೇಳಿ, "ದೊಡ್ಡ ತಲೆ, ಸಣ್ಣಪುಟ್ಟದ್ದು ನಿಲ್ಲೋದಿಲ್ಲ" ಎಂದು ಬೀಗುತ್ತಿದ್ದರು.

ಇಂಥವನ ಕೈಗೆ ತನ್ನ ರೆಕಾರ್ಡು ಪುಸ್ತಕ ಕೊಟ್ಟದ್ದು ಸಹಪಾಠಿ ದೇಬಾರತಿಯ ತಪ್ಪೇ. ಸಸ್ಯಶಾಸ್ತ್ರದ ಇಪ್ಪತ್ತೆರಡು ಚಿತ್ರ, ಒಂದೊಂದರ ಕೆಳಗೂ ಮೇಷ್ಟ್ರ ಸಹಿ. ಅದಿಲ್ಲದೆ ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗೇ ಬಿಡುವುದಿಲ್ಲ. "ಒಂದೇ ದಿನ ಕಣೇ, ನೋಡ್ಕೊಂಡು ಬರೆದು ಕೊಟ್ಬಿಡ್ತೀನಿ" ಎಂದು ಗೋಗರೆದವನು ನಾಲ್ಕು ದಿನ ಕಳೆದರೂ ತಂದುಕೊಡಲಿಲ್ಲ. ಪರೀಕ್ಷೆಯೋ ಸರಸ್ವತಿ ಪೂಜೆಯ ಮರುದಿನವೇ.

ಪೂಜೆಯ ದಿನ ಹಳದಿ ಸೀರೆಯುಟ್ಟು ದೇಬಾರತಿ ನೇರ ಅವನ ಮನೆಗೇ ಹೋದಳು. ತೋತನ್ ಖಿಚುಡಿ ಬಾರಿಸುತ್ತ ಕೂತಿದ್ದ.

"ನನ್ನ ರೆಕಾರ್ಡು ಎಲ್ಲಿ?"

"ನಮ್ಮ ಓಣಿ ಪೆಂಡಾಲಲ್ಲಿದೆ. ದೇವಿ ಪಾದದಡಿ ಇಟ್ಟಿದ್ದೀನಿ."

"ನನ್ನದನ್ಯಾಕೆ ಇಟ್ಟೆ?"

"ನಿನಗೂ ಒಳ್ಳೇದಾಗ್ಲಿ ಅಂತ. ಇವತ್ತಂತೂ ಮುಟ್ಟೋ ಹಾಗಿಲ್ವಲ್ಲ."

"ನೋಡಮ್ಮ, ನಿನ್ನ ನೆನಪೂ ಇಟ್ಕೊಂಡಿದಾನೆ ನಮ್ಮ ಹುಡುಗ. ಬಾ, ಊಟಕ್ಕೆ ಕೂತ್ಕೋ" ಎಂದು ಅವನ ತಾಯಿ ತಟ್ಟೆ ಮುಂದಿಟ್ಟರು.

"ಬೇಡ ಕಾಕಿಮಾ" ಎನ್ನುವುದನ್ನು ಬಿಟ್ಟು ದೇಬಾರತಿ ಇನ್ನೇನು ಹೇಳಿಯಾಳು? ದೇವಿಯ ಮುಂದಿಟ್ಟ ಪುಸ್ತಕವನ್ನು ಮರುದಿನ ಬೆಳಿಗ್ಗೆ ಮೊಸರವಲಕ್ಕಿ ನೈವೇದ್ಯ ಆಗುವ ತನಕ ತೆಗೆಯುವಂತಿಲ್ಲ. ಅವಳ ಉಳಿದ ಪುಸ್ತಕಗಳೂ ಮನೆಯಲ್ಲಿ ದೇವಿಯ ಮುಂದೆ ಹಾಗೇ ಕೂತಿದ್ದವು.

"ನಾಳೆ ನೈವೇದ್ಯ ಮುಗಿದ ತಕ್ಷಣ ತರ್ತೀನಿ, ಆಣೆ" ಎಂದ ತೋತನ್.

ಮರುದಿನ ಪರೀಕ್ಷೆ ಹನ್ನೊಂದಕ್ಕೆ. ಹತ್ತು ಗಂಟೆಗೆ ಹೆಗಲಿಗೆ ಚೀಲ ಹಾಕಿಕೊಂಡು ಕಾಲೇಜಿಗೆ ಬಂದವನು ದೇಬಾರತಿಯ ಮುಖ ಕಂಡೊಡನೆ ನಾಲಿಗೆ ಕಚ್ಚಿಕೊಂಡ.

"ಛೇ, ಮರೆತೇಬಿಟ್ಟೆ."

"ನಮ್ಮ ಮರೆಗುಳಿ ಭೋಲಾನಾಥ" ಎಂದು ಗೆಳೆಯರು ಬೆನ್ನು ತಟ್ಟಿದರು.

"ನಿನ್ನದೆಲ್ಲಿ?" ಎಂದಳು ದೇಬಾರತಿ.

ಅವನು ಚೀಲ ತಟ್ಟಿ ತೋರಿಸಿದ.

"ನಿನ್ನದು ದೇವಿ ಹತ್ರ ಇಟ್ಟಿರ್ಲಿಲ್ವಾ?"

"ನನ್ನದಾ? ಮೊಸರು, ಕುಂಕುಮ ಬಿದ್ದು ಹಾಳಾದ್ರೆ?"

ತಾನು ಅಂದದ್ದೇನೆಂದು ಹೊಳೆದೊಡನೆ ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ. ದೇಬಾರತಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷದಲ್ಲಿ ಈ ಮಹಾಶಯ ಕಳೆದ ಕೊಡೆ, ಚಾರ್ಜರು, ಕ್ಯಾಲ್ಕುಲೇಟರು ಒಂದೂ ಅವನದಲ್ಲ. ಯಾವುದು ಯಾರದ್ದೆಂದು ಅವನ ಮರೆವಿಗೆ ಚೆನ್ನಾಗಿ ಗೊತ್ತಿತ್ತು. ಇಂಥದ್ದಕ್ಕೆ ತಾನೂ ಇಷ್ಟು ದಿನ ಎಲ್ಲರ ಜೊತೆ ನಕ್ಕೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಜಗಳಕ್ಕೆ ಹೊತ್ತಿರಲಿಲ್ಲ. ರಿಕ್ಷಾ ಹತ್ತಿ ಪೆಂಡಾಲಿಗೆ ಹೋಗಿ, ಪುಸ್ತಕಗಳ ರಾಶಿಯಿಂದ ತನ್ನದನ್ನು ಎಳೆದುಕೊಂಡಳು. ರಟ್ಟಿನ ಮೇಲೆ ಮೊಸರು ಒಣಗಿತ್ತು. ಕುಂಕುಮದ ನೀರು ಐದಾರು ಚಿತ್ರಗಳಿಗೆ ಇಳಿದಿತ್ತು. ಪುಣ್ಯಕ್ಕೆ ಸಹಿಗಳು ಉಳಿದಿದ್ದವು. ಏದುಸಿರು ಬಿಡುತ್ತ ಅವಳು ಲ್ಯಾಬಿನ ಬಾಗಿಲಿಗೆ ಬಂದಾಗ ಸರಿಯಾಗಿ ಹನ್ನೊಂದು.

ಮೇಷ್ಟ್ರು ಎರಡೇ ಬೆರಳಿನಲ್ಲಿ ಹಾಳೆ ಎತ್ತಿ ನೋಡಿದರು. "ಇದೇನಮ್ಮ, ರೆಕಾರ್ಡೋ ಮೊಸರಿನ ಗಡಿಗೆಯೋ? ಐದು ಅಂಕ ಹೋಯ್ತು."

ಆಮೇಲೆ ಪಕ್ಕದಲ್ಲಿದ್ದ ತೋತನ್‌ನ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇವನನ್ನ ನೋಡಿ ಕಲಿ. ಎಲ್ಲರೂ ಮರೆಗುಳಿ ಅಂತಾರೆ, ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾನೆ."

ದೇಬಾರತಿ ತೋತನ್‌ನ ಮುಖವನ್ನೇ ನೋಡಿದಳು. ಅವನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಅದನ್ನೂ ಮರೆತು ಪೆನ್ಸಿಲ್ ಕೆತ್ತುತ್ತ ನಿಂತ.