ನುಚ್ಚು ಬೆರೆಸಿದ ಇಟ್ಟಿಗೆ

ಅವಳನ್ನು ಎಲ್ಲರೂ ಬೂದಕ್ಕ ಎನ್ನುತ್ತಿದ್ದುದು ಮೈಬಣ್ಣಕ್ಕಲ್ಲ, ಕಸುಬಿಗೆ. ವಿದ್ಯುತ್ ಸ್ಥಾವರದವರು ಲಾರಿಗಟ್ಟಲೆ ಎಸೆಯುವ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ, ಕೈ ಸುಡುವ ಕ್ಷಾರದ ನೀರು ಇಷ್ಟನ್ನು ಕಲಸಿ, ಸಿಮೆಂಟೂ ಇಲ್ಲದೆ, ಸುಡುವುದೂ ಇಲ್ಲದೆ ಕಲ್ಲಿನಂಥ ಇಟ್ಟಿಗೆ ಮಾಡುವುದರಲ್ಲಿ ಅವಳದು ಹನ್ನೊಂದು ವರ್ಷದ ಕೈ. ಓದಿದವರು ಅದನ್ನು ಜಿಯೋಪಾಲಿಮರ್ ಎನ್ನುತ್ತಾರೆ. ಅವಳ ಬಾಯಲ್ಲಿ ಅದು ಬರೀ ಹಿಟ್ಟು.

ಅವಳು ದುಡಿಯುವ ಶೆಡ್ಡಿನ ಮೇಸ್ತ್ರಿ ಅವಳ ಗಂಡನ ತಮ್ಮನೇ. ಎರಕದ ಕಾರ್ಖಾನೆಯವರು ಕುಲುಮೆಯ ಒಳಗೋಡೆಗೆ ಇಟ್ಟಿಗೆ ಕೇಳಿದಾಗ ಅತ್ತಿಗೆ ಮೈದುನ ಇಬ್ಬರೂ ಒಂದೊಂದು ಹದ ಹಿಡಿದರು. ಅವನದು ಬೂದಿಯನ್ನು ಕಾಡಿಗೆಯಂತೆ ಅರೆದು ಮಾಡಿದ, ಸೂಜಿಮೊನೆಯಷ್ಟು ತೂತಿಲ್ಲದ ಇಟ್ಟಿಗೆ. ಇವಳದು ಒಡೆದ ಹಳೆ ಕುಲುಮೆ ಇಟ್ಟಿಗೆಯ ನುಚ್ಚು ಬೆರೆಸಿದ್ದು, ಸಿಡುಬಿನ ಮುಖದ್ದು. ಒತ್ತುವ ಯಂತ್ರದಲ್ಲಿಟ್ಟರೆ ಅವನದು ಮುಳ್ಳು ಅರವತ್ತಕ್ಕೇರುವವರೆಗೂ ತಡೆಯಿತು. ಇವಳದು ಮೂವತ್ತಕ್ಕೇ ಪುಡಿಪುಡಿ.

"ನೋಡಿದ್ರಾ ಅತ್ತಿಗೆ? ಭಾರಕ್ಕೇ ಸೋತಿದ್ದನ್ನ ಬೆಂಕಿಗೆ ಬೇರೆ ಹಾಕ್ಬೇಕಾ?"

"ಕುಲುಮೆ ಮೇಲೆ ಆನೆ ನಿಲ್ಲಿಸ್ತೀಯೇನೋ? ಇಟ್ಟಿಗೆ ಒಳಗಿನ ನೀರು ಹಬೆ ಆದಾಗ ಹೊರಗೆ ಬರೋಕೆ ದಾರಿ ಬೇಡ್ವಾ? ನಿಂದು ಬಾಯಿ ಬಿಗಿದ ಪಾತ್ರೆ, ಸಿಡಿಯುತ್ತೆ."

"ಪ್ರಯೋಗಾಲಯದವರು ಎಂಟುನೂರು ಡಿಗ್ರಿ ಕಾಸಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ!"

"ಬಾಣಂತಿಗೆ ನೀರು ಕಾಸಿದ ಹಾಗೆ ಮೆಲ್ಲಗೆ ಕಾಸಿರ್ತಾರೆ. ಕಾರ್ಖಾನೇಲಿ ಸೋಮವಾರ ಬೆಳಿಗ್ಗೆ ಒಂದೇ ಏಟಿಗೆ ಉರಿ ಏರಿಸ್ತಾರೆ. ನಿಮ್ಮಣ್ಣನ್ನ ಕೇಳು, ಬೇಕಿದ್ರೆ."

ಅಣ್ಣನೆಂದರೆ ಅವಳ ಗಂಡ. ಆ ಕುಲುಮೆಯ ಬಾಗಿಲಲ್ಲೇ ನಿಲ್ಲುವವನು. ಮೈದುನ ಕೇಳಲಿಲ್ಲ, ಹಿತ್ತಲ ಗಿಡ ಎಂದಾದರೂ ಮದ್ದಾದೀತೇ? ಅವನ ಇಟ್ಟಿಗೆಯೇ ಹೋಗಿ ಗೋಡೆಯಾಯಿತು; ಸೋಮವಾರ ಅದಕ್ಕೆ ಮೊದಲ ಉರಿ.

ಕಾರ್ಖಾನೆಗೆ ಹೋಗಿ ಹೇಳಿಬಿಡಲೇ ಎಂದು ಬೂದಕ್ಕ ಎರಡು ಸಲ ಚಪ್ಪಲಿ ಮೆಟ್ಟಿದಳು. ಹೇಳಿದರೆ ಮೈದುನನ ಕೆಲಸ ಹೋದೀತು, ಮನೆಯಲ್ಲಿ ಅತ್ತೆ ಜೀವಮಾನವಿಡೀ ಕುಟುಕಿಯಾಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಭಾನುವಾರ ಗಂಡನಿಗೆ ಮಾತ್ರ ಹೇಳಿದಳು: "ನಾಳೆ ಜ್ವರ ಅಂತ ಹೇಳಿ ಕಳಿಸಿ."

"ಜ್ವರ ಎಲ್ಲಿದೆಯೇ?"

"ಬರದಿದ್ರೆ ನಾನೇ ಬರಿಸ್ತೀನಿ."

ಅವನು ನಕ್ಕ. ಆದರೆ ಇಟ್ಟಿಗೆಯಲ್ಲಿ ಅವಳ ಕೈ ಎಂಥದೆಂದು ಬಲ್ಲವನು, ಉಳಿದುಕೊಂಡ.

ಸೋಮವಾರ ಬೆಳಿಗ್ಗೆ ಕಿಟಕಿಯಲ್ಲಿ ಪಕ್ಕದ ಮನೆಯ ರೇಡಿಯೋ ಇಣುಕಿದ. ಅದೇ ಕಾರ್ಖಾನೆಯವನು, ಬಾಯಿ ಬಂದಾಗುವುದೇ ಇಲ್ಲವೆಂದು ಆ ಹೆಸರು.

"ಬಾವ ಮಲಗಿದ್ರಂತೆ! ಇವತ್ತು ಕುಲುಮೆ ಬಾಗಿಲು ನಂದು ಅಕ್ಕಾ. ಇಬ್ಬರ ಸಂಬಳ ಕೊಡ್ತಾರೇನೋ ಕೇಳ್ತೀನಿ!"

ಬಾಗಿಲಲ್ಲಿ ಯಾರಾದರೊಬ್ಬರು ನಿಲ್ಲಲೇಬೇಕೆಂದು ಅವಳಿಗೆ ಗೊತ್ತಿರಲಿಲ್ಲವೆಂದರೆ ಸುಳ್ಳು. ಆ ಒಬ್ಬನಿಗೆ ಮುಖ ಇರಲಿಲ್ಲ, ಅಷ್ಟೆ. ಈಗ ಮುಖ ಕಿಟಕಿಯಲ್ಲಿ ಹಲ್ಲು ಕಿರಿಯುತ್ತಿತ್ತು.

"ಹುಷಾರಪ್ಪಾ," ಎಂದಳು.

"ಹುಷಾರಾಗಿರ್ಬೇಕಾದ್ದು ಕಬ್ಬಿಣ, ನಾನಲ್ಲ!" ಎನ್ನುತ್ತ ಅವನು ಹೋದ.

ಹತ್ತು ಗಂಟೆಗೆ ಗೋಡೆ ಸಿಡಿಯಿತು.

ಆಸ್ಪತ್ರೆಯ ಒಳಗೆ ರೇಡಿಯೋ ಮುಖವಿಡೀ ಬಟ್ಟೆ ಸುತ್ತಿಕೊಂಡು ಸುಮ್ಮನೆ ಬಿದ್ದಿದ್ದ. ಒಂದು ಕಣ್ಣು ಹೋಯಿತು, ಇನ್ನೊಂದರ ಮಾತು ಆಮೇಲೆ ಎಂದಿದ್ದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಬೂದಕ್ಕನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

"ಬಾವನಿಗೆ ಜ್ವರ ಬಂದಿದ್ದು ಪುಣ್ಯ ಅಕ್ಕ. ಅವರಾದ್ರೂ ಉಳ್ಕೊಂಡ್ರು."

ಅಷ್ಟರಲ್ಲಿ ಮೈದುನ ಬಂದ. ತುಟಿ ಒಣಗಿತ್ತು. ಬಗ್ಗಿ ಪಿಸುಗುಟ್ಟಿದ: "ನೀವು ಹೇಳಿದ್ದೇ ಸರಿ ಅತ್ತಿಗೆ. ನಾಳೆಯಿಂದ ನಿಮ್ಮ ಹದಾನೇ ಹಾಕೋಣ."

ಹನ್ನೊಂದು ವರ್ಷ ಬಯಸಿದ ಮಾತು. ನಾಲಗೆಗೆ ಕ್ಷಾರ ತಗುಲಿದಂತಾಯಿತು.

"ಅಕ್ಕ ಏನು ಹೇಳಿದ್ರು?" ರೇಡಿಯೋನ ಹೆಂಡತಿ ತಲೆಯೆತ್ತಿದಳು.

"ಇದು ಸಿಡಿಯುತ್ತೆ ಅಂತ ಮೊದಲೇ ಹೇಳಿದ್ರಮ್ಮಾ. ನಾನೇ ಕೇಳಲಿಲ್ಲ."

ಆಕೆ ಮೆತ್ತಗೆ ಕೇಳಿದಳು, "ಬಾವನ ಜ್ವರ ಎಷ್ಟಿತ್ತಕ್ಕಾ?"

ಬೂದಕ್ಕನ ಕೈ ಬಿಟ್ಟು, ಬೆಂಚಿನ ಆ ತುದಿಗೆ ಸರಿದು ಕೂತಳು.