ಮೂರು ದಿನದ ಮಾಫಿ

"ಈ ಸಲಾನೂ ವೀರ್ಯಾಣು ಒಂದೂ ಇಲ್ಲ, ಮೇಷ್ಟ್ರೇ," ಎಂದರು ಡಾಕ್ಟರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

"ನಾಳ ಮತ್ತೆ ಜೋಡಿಸಿದ್ರಲ್ಲ, ಅಲ್ಲೇ ಕಟ್ಟಿದೆಯಾ?" ಗಿಲ್‌ಸು ಕೇಳಿದ.

"ಅದು ಸರಿಯಾಗೇ ಇರಬೇಕು. ಎಂಟು ವರ್ಷ ನಾಳ ಮುಚ್ಚಿ ಒಳಗೆ ಒತ್ತಡ ಇತ್ತಲ್ಲ. ಹಿಂದುಗಡೆ, ವೃಷಣದ ಹತ್ರಾನೇ ಒಡೆದು ಮುಚ್ಚಿಹೋಗಿರಬೇಕು. ಅಲ್ಲಿ ನನ್ನ ಸೂಜಿ ನಡೆಯಲ್ಲ."

ಗಿಲ್‌ಸು ದೇಗು ನಗರದ ಸಂಜೆಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ವೀರ್ಯನಾಳವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲ: ವೃಷಣದ ಹಿಂದೆ ಹೊರಟು, ತೊಡೆಸಂದು ದಾಟಿ, ಮೂತ್ರಕೋಶದ ಬೆನ್ನು ಬಳಸಿ ಇಳಿಯುವ ಕೊಳವೆ. ಮುಟ್ಟಿದರೆ ಗಟ್ಟಿ ದಾರ. ಒಳಗಿನ ರಂಧ್ರ ಮಾತ್ರ ಕೂದಲಿನಷ್ಟು. ಒಡೆಯುವುದರ ಬಗ್ಗೆ ಪಠ್ಯದಲ್ಲಿ ಇರಲಿಲ್ಲ.

"ಮೂರು ದಿನದ ಮಾಫಿ ದುಬಾರಿ ಆಯ್ತು ನಿಮಗೆ," ಡಾಕ್ಟರು ನಕ್ಕರು. "ಮನೇಲಿ ಗೊತ್ತಾ?"

"ಇಲ್ಲ. ಜೋಡಿಸಿದ ಆಪರೇಷನ್ನಿಗೆ ಹರ್ನಿಯಾ ಅಂದಿದ್ದೀನಿ."

ಎಂಟು ವರ್ಷದ ಹಿಂದೆ, ಮೀಸಲು ಪಡೆಯ ತರಬೇತಿ, ಜುಲೈ ಬಿಸಿಲು. ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡವರಿಗೆ ಮಿಕ್ಕ ಮೂರು ದಿನ ಮಾಫಿ, ಮನೆಗೆ ಹೋಗಬಹುದು ಎಂದು ಮೈಕಿನಲ್ಲಿ ಕೂಗಿದ್ದರು. ಆಪರೇಷನ್ನಿನ ವ್ಯಾನು ಮೈದಾನದಲ್ಲೇ ನಿಂತಿತ್ತು. "ಗುಂಡಿ ತೋಡೋದಕ್ಕಿಂತ ಇದೇ ವಾಸಿ ಕಣೋ," ಎಂದಿದ್ದ ಸಾಲಿನಲ್ಲಿ ಮುಂದಿದ್ದವನು. ಮನೆಯಲ್ಲಿ ಮಗಳು ಮಿರಾನ್ ಇದ್ದಳು. ಒಂದು ಸಾಕು ಅನ್ನಿಸಿತ್ತು. ಹೆಂಡತಿಗೆ ನಾಳೆ ಹೇಳಿದರಾಯಿತು ಅಂದುಕೊಂಡ. ಐದು ವರ್ಷ ಹಾಗೇ ಅಂದುಕೊಂಡ. ಒಂದು ಬೇಸಗೆಯಲ್ಲಿ ಮಿದುಳು ಜ್ವರ ಬಂದು ಮಿರಾನ್ ತೀರಿಕೊಂಡಳು. ಆಮೇಲೆ ಹೇಳುವುದಕ್ಕೆ ನಾಳೆಯೂ ಉಳಿಯಲಿಲ್ಲ.

ಮನೆ ತುಂಬ ಔಷಧಿ ಬೇರುಗಳ ಕಹಿ ವಾಸನೆ. ಹೆಂಡತಿ ಮ್ಯೋಂಗ್‌ಒಕ್ ಕುದಿಸಿದ ಕಷಾಯವನ್ನು ಸೆಣಬಿನ ಬಟ್ಟೆಗೆ ಸುರಿಯುತ್ತಿದ್ದಳು.

"ಮಿರಾನ್ ಅಪ್ಪಾ, ಬಂದ್ರಾ? ಈ ಕೋಲು ಹಿಡ್ಕೊಳ್ಳಿ."

ಮಗು ಸತ್ತು ಮೂರು ವರ್ಷವಾದರೂ ಹಾಗೇ ಕರೆಯುತ್ತಾಳೆ. ಬೇರೆ ಹೆಸರಲ್ಲಿ ಕರೆಯಲು ಇನ್ನೊಂದು ಮಗು ಬೇಕು.

"ಮತ್ತೆ ತಂದ್ಯಾ ಇದನ್ನ?"

"ಅತ್ತೆ ಕಳಿಸಿದ್ರು. ನನ್ನ ಹೊಟ್ಟೆ ತಣ್ಣಗಿದೆಯಂತೆ. ಅದಕ್ಕೇ ಏನೂ ನಿಲ್ತಿಲ್ವಂತೆ." ಬಟ್ಟೆಯ ಅಂಚು ಮಡಿಸುತ್ತಾ, "ಇರಬಹುದು," ಅಂದಳು.

"ನಿನ್ನ ಹತ್ರ ಒಂದು ಮಾತು..."

"ಮೊದ್ಲು ಹಿಂಡಿ. ಆರಿಹೋಗತ್ತೆ."

ಬಟ್ಟೆಯ ಎರಡು ತುದಿಗೆ ಎರಡು ಕೋಲು. ಎದುರುಬದುರು ಕೂತು ತಿರುಚಿದರು, ಅವಳು ಆ ಕಡೆಗೆ, ಇವನು ಈ ಕಡೆಗೆ. ಬಟ್ಟೆ ಸುರುಳಿಯಾಗಿ, ತೆಳ್ಳಗಾಗಿ, ಗಟ್ಟಿ ದಾರವಾಯಿತು. ಕಪ್ಪು ರಸ ಬಟ್ಟಲಿಗೆ ಧಾರೆಯಾಗಿ ಇಳಿದು, ಹನಿಯಾಗಿ, ನಿಂತಿತು.

"ಇನ್ನೂ ಇದೆ," ಅಂದಳು ಅವಳು. "ತಿರುಚಿ."

ಅವನು ತಿರುಚಿದ.